ಇಪ್ಪತ್ತು ಹೆಣ್ಣುಮಕ್ಕಳು, ಇಪ್ಪತ್ತು ಕಡತಗಳು

2020ರ ಜೂನ್ ತಿಂಗಳಲ್ಲಿ, ಲೋಕವೆಲ್ಲ ಮಹಾಮಾರಿಯ ಭಯದಿಂದ ಬಾಗಿಲು ಮುಚ್ಚಿ ಕುಳಿತಿದ್ದಾಗ, ಮಂಗಳೂರಿನ ನ್ಯಾಯಾಲಯವೊಂದು ಮೋಹನ್ ಕುಮಾರನೆಂಬವನಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಕಾಸರಗೋಡಿನ 25 ವರ್ಷ ಪ್ರಾಯದ ಹೆಣ್ಣುಮಗಳೊಬ್ಬಳನ್ನು ಕೊಂದ ಪ್ರಕರಣವದು. ಅವನ ಮೇಲಿದ್ದ ಇಪ್ಪತ್ತು ಕೊಲೆ ಮೊಕದ್ದಮೆಗಳಲ್ಲಿ ಅದು ಇಪ್ಪತ್ತನೆಯದು ಮತ್ತು ಕೊನೆಯದು. ಸುದ್ದಿ ಬಂತು, ಹೋಯಿತು. ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಹೆಚ್ಚಿನವರು ಅದನ್ನು ಗಮನಿಸಿರಲಾರರು. ಗಮನಿಸಿದವರೂ 'ಓ, ಆ ಸೈನೈಡ್ ಮೋಹನನೇ' ಎಂದು ಪುಟ ತಿರುಗಿಸಿರಬಹುದು.

ಆ ಹೆಸರನ್ನೇ ಮೊದಲು ನೋಡೋಣ. ಕೊಲೆಗಾರನಿಗೆ ನಾವು ಬಿರುದು ಕೊಟ್ಟಿದ್ದೇವೆ, ಹರಿದಾಸರಿಗೂ ಪೈಲ್ವಾನರಿಗೂ ಕೊಟ್ಟಂತೆ. ಅವನ ಕೈಯಲ್ಲಿ ಸತ್ತವರಿಗೆ ಮಾತ್ರ ಕ್ರಮಸಂಖ್ಯೆ ಉಳಿದಿದೆ: ಮೂರನೆಯ ಪ್ರಕರಣ, ಹದಿನೇಳನೆಯ ಪ್ರಕರಣ, ಇಪ್ಪತ್ತನೆಯ ಪ್ರಕರಣ. ಅತ್ಯಾಚಾರಕ್ಕೊಳಗಾದ ಹೆಣ್ಣಿನ ಹೆಸರನ್ನು ಬಹಿರಂಗಪಡಿಸಬಾರದೆಂಬುದು ಕಾನೂನಿನ ಕಟ್ಟಳೆ, ಅದು ಉಚಿತವೇ. ಈ ಲೇಖನದಲ್ಲಿಯೂ ಅವರ ಹೆಸರುಗಳಿಲ್ಲ. ಆದರೆ ಹೆಸರು ಹೇಳದಿರುವುದು ಬೇರೆ, ಲೆಕ್ಕಕ್ಕೇ ಇಡದಿರುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿಯೇ ಇಪ್ಪತ್ತು ಜೀವಗಳು ಹೋದವು ಎಂಬುದು ನನ್ನ ಅಭಿಪ್ರಾಯ.

ಮೋಹನ್ ಕುಮಾರ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಕನ್ಯಾನದವನು. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಕರಾವಳಿಯ ಹಳ್ಳಿಗಳಲ್ಲಿ 'ಮಾಸ್ಟ್ರು' ಎಂಬ ಶಬ್ದಕ್ಕಿರುವ ತೂಕ ಎಷ್ಟೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಪೇಟೆಗೆ ಹೋಗುವ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದ, ಜಗಳವಾದರೆ ಪಂಚಾಯಿತಿಗೆ ಕರೆಯುತ್ತಿದ್ದ, ಮದುವೆಯ ಮಾತುಕತೆಗೆ ಸಾಕ್ಷಿಯಾಗಿ ಕೂರಿಸುತ್ತಿದ್ದ ಸ್ಥಾನ ಅದು. ಅವನು ಆರಿಸಿಕೊಂಡದ್ದು ಬಡವರ ಮನೆಯ, ಮದುವೆಯ ವಯಸ್ಸು ದಾಟುತ್ತಿರುವ ಹೆಣ್ಣುಮಕ್ಕಳನ್ನು. ಪರಿಚಯ ಮಾಡಿಕೊಳ್ಳುವಾಗ ಒಬ್ಬಳ ಬಳಿ ಒಂದು ಹೆಸರು, ಇನ್ನೊಬ್ಬಳ ಬಳಿ ಇನ್ನೊಂದು. ಆಕೆಯ ಜಾತಿ ಯಾವುದೋ ತನ್ನದೂ ಅದೇ ಎಂದು ಹೇಳುವನು. ಸರಕಾರಿ ನೌಕರಿಯಿದೆ ಎನ್ನುವನು. ಎಲ್ಲಕ್ಕಿಂತ ಮುಖ್ಯವಾಗಿ, ವರದಕ್ಷಿಣೆ ಬೇಡ ಎನ್ನುವನು.

ಅನಂತರದ ಕ್ರಮ ಪ್ರತಿಯೊಂದು ಸಲವೂ ಹೆಚ್ಚುಕಡಿಮೆ ಒಂದೇ. ದೇವಸ್ಥಾನಕ್ಕೋ ಸ್ನೇಹಿತೆಯ ಮನೆಗೋ ಹೋಗಿಬರುವೆನೆಂದು ಹೇಳಿ ಹುಡುಗಿ ಮನೆಯಿಂದ ಹೊರಡಬೇಕು. ಮೈಮೇಲೆ ಇದ್ದಷ್ಟು ಚಿನ್ನವಿರಬೇಕು. ಜಿಲ್ಲೆ ದಾಟಿ ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನಗಳಂತಹ ಊರಿಗೆ ಬಸ್ ಪ್ರಯಾಣ. ಬಸ್ ನಿಲ್ದಾಣದ ಸಮೀಪದ ವಸತಿಗೃಹದಲ್ಲಿ ಒಂದು ರಾತ್ರಿ. ಮರುದಿನ ಬೆಳಗ್ಗೆ, ಆಭರಣಗಳನ್ನು ಕೋಣೆಯಲ್ಲಿಯೇ ಬಿಟ್ಟುಬರುವಂತೆ ಹೇಳಿ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಹೇಳಿ ಒಂದು ಗುಳಿಗೆ ಕೊಡುವನು. ವಾಂತಿ ಬಂದೀತು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುವನು. ಅದರಲ್ಲಿದ್ದುದು ಸೈನೈಡ್. ಒಳಗೆ ಹೋದವಳು ಹೊರಗೆ ಬರುತ್ತಿರಲಿಲ್ಲ. ಇವನು ಕೋಣೆಗೆ ಹಿಂದಿರುಗಿ, ಚಿನ್ನ ಕಟ್ಟಿಕೊಂಡು, ಮುಂದಿನ ಬಸ್ಸು ಹಿಡಿಯುವನು.

ಐದಾರು ವರ್ಷ ಹೀಗೆ ನಡೆಯಿತು. ಅವನು ಸಿಕ್ಕಿಬಿದ್ದದ್ದು 2009ರ ಅಕ್ಟೋಬರ್ ತಿಂಗಳಲ್ಲಿ.

ಮುಂಬಯಿಯಲ್ಲಿ ನಾಲ್ಕೈದು ದಶಕ ಕಳೆದ ಹಿರಿಯರಿಗೆ ಕೊಲೆಗಾರನೆಂದರೆ ನೆನಪಾಗುವವನು ರಾಮನ್ ರಾಘವ್. 1965-66ರಲ್ಲಿ ರೈಲುಹಳಿಯ ಪಕ್ಕದ ಗುಡಿಸಲುಗಳಲ್ಲಿ ಮಲಗಿದ್ದವರ ಮೇಲೆ ಹಲ್ಲೆಗಳಾದಾಗ ಅವನನ್ನು ಹಿಡಿದಿದ್ದರು. ಸಾಕ್ಷ್ಯ ಸಾಲದೆ ಬಿಟ್ಟರು. 1968ರಲ್ಲಿ ಮತ್ತೆ ಉಪನಗರಗಳ ಕಾಲುದಾರಿಗಳಲ್ಲಿ, ಜೋಪಡಿಗಳಲ್ಲಿ ಜನ ಹೆಣವಾಗತೊಡಗಿದರು. ರಮಾಕಾಂತ ಕುಲಕರ್ಣಿಯವರು ನೇತೃತ್ವ ವಹಿಸಿದ್ದ ತನಿಖೆಯಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಸಬ್‌ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲ್ಹೊ ಅವನನ್ನು ಗುರುತಿಸಿ ಬಂಧಿಸಿದರು. ಆ ದಿನಗಳಲ್ಲಿ ಚಾಳುಗಳ ಜನ ಸೆಕೆ ಎಷ್ಟಿದ್ದರೂ ಪಡಸಾಲೆಯಲ್ಲಿ ಮಲಗುತ್ತಿರಲಿಲ್ಲವಂತೆ; ಕೋಟೆ ಪ್ರದೇಶದ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ರಾತ್ರಿ ಪಾಳಿ ಮುಗಿಸಿ ಗುಂಪಾಗಿಯೇ ನಡೆಯುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. 1969ರಲ್ಲಿ ಮರಣದಂಡನೆಯಾಯಿತು, ವೈದ್ಯರ ಮಂಡಳಿ ಅವನನ್ನು ಗುಣವಾಗದ ಮನೋರೋಗಿಯೆಂದು ಕಂಡ ಮೇಲೆ 1987ರಲ್ಲಿ ಅದು ಜೀವಾವಧಿಗೆ ಇಳಿಯಿತು, 1995ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಸತ್ತ.

ರಾಮನ್ ರಾಘವನದು ಕತ್ತಲೆಯ ಕಬ್ಬಿಣದ ಸಲಾಕೆ. ಮೋಹನನದು ಹಗಲಿನ ಬಸ್ ಚೀಟಿ, ವಸತಿಗೃಹದ ದಾಖಲೆ ಪುಸ್ತಕ, ಒಂದು ಗುಳಿಗೆ. ಮೊದಲನೆಯವನಿಗೆ ಬುದ್ಧಿಭ್ರಮಣೆಯಾಗಿತ್ತು. ಎರಡನೆಯವನು ಲೆಕ್ಕ ತಪ್ಪದ ಮನುಷ್ಯ. ನ್ಯಾಯಾಲಯದಲ್ಲಿ ತನ್ನ ವಾದವನ್ನು ತಾನೇ ಮಂಡಿಸಿದ, ಸಾಕ್ಷಿಗಳನ್ನು ತಾನೇ ಪಾಟೀಸವಾಲು ಮಾಡಿದ. ಆದರೂ ಇಬ್ಬರಿಗೂ ಸಮಾನವಾದ ಒಂದು ಅಂಶವಿದೆ. ಇಬ್ಬರೂ ಆರಿಸಿಕೊಂಡದ್ದು, ಕಾಣೆಯಾದರೆ ಯಾರೂ ಗಂಭೀರವಾಗಿ ಹುಡುಕದವರನ್ನು. ಇದೇ ಮಾತು ಇನ್ನೊಂದು ಪ್ರಕರಣಕ್ಕೂ ಅನ್ವಯಿಸುತ್ತದೆ. 1990ರಿಂದ 1996ರವರೆಗೆ ಮಹಾರಾಷ್ಟ್ರದ ಜನಜಂಗುಳಿಯ ಸ್ಥಳಗಳಿಂದ ಪುಟ್ಟ ಮಕ್ಕಳನ್ನು ಕದ್ದು, ಕಳ್ಳತನಕ್ಕೆ ಮರೆಯಾಗಿ ಬಳಸಿ, ಕೆಲವರನ್ನು ಕೊಂದ ಅಂಜನಾಬಾಯಿ ಗಾವಿತ್ ಮತ್ತು ಅವಳ ಹೆಣ್ಣುಮಕ್ಕಳಾದ ರೇಣುಕಾ, ಸೀಮಾ ಎಂಬವರನ್ನು ಮರಾಠಿ ಪತ್ರಿಕೆ ಓದುವ ನಮ್ಮವರು ಮರೆತಿರಲಾರರು. ಆ ಮಕ್ಕಳಲ್ಲಿ ಹಲವರು ಬಡವರ ಮನೆಯವರು. ಆ ಸಹೋದರಿಯರ ಮರಣದಂಡನೆಯನ್ನು, ದಯಾ ಅರ್ಜಿಯ ವಿಲೇವಾರಿಯಲ್ಲಿ ಸರಕಾರ ಮಾಡಿದ ವಿಳಂಬದ ಕಾರಣಕ್ಕೆ, ಮುಂಬಯಿ ಉಚ್ಚ ನ್ಯಾಯಾಲಯ 2022ರಲ್ಲಿ ಜೀವಾವಧಿಗೆ ಇಳಿಸಿತು. ಕಡತವೊಂದು ಮೇಜಿನಿಂದ ಮೇಜಿಗೆ ಚಲಿಸದೆ ಕುಳಿತರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಸರಕಾರಿ ನೌಕರನಿಗೆ ಬೇಕಿಲ್ಲ.

ಕಡತದ ಮಾತು ಬಂತು. ಮೂರು ದಶಕಗಳಿಂದ ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಡತಗಳ ನಡುವೆಯೇ ಬದುಕಿದವನಾದ್ದರಿಂದ ಮೋಹನನ ಪ್ರಕರಣದಲ್ಲಿ ನನ್ನನ್ನು ಬಹಳವಾಗಿ ಕಾಡಿದ ಭಾಗವೂ ಅದೇ. ಸತ್ತವರಲ್ಲಿ ಬಹುತೇಕ ಎಲ್ಲರ ದೇಹಗಳೂ ಸಿಕ್ಕಿದ್ದವು! ಕಾಡಿನಲ್ಲಿ ಹೂತಿರಲಿಲ್ಲ, ಹೊಳೆಗೆ ಎಸೆದಿರಲಿಲ್ಲ. ರಾಜ್ಯದ ಅತ್ಯಂತ ಜನನಿಬಿಡ ಸ್ಥಳಗಳಾದ ಬಸ್ ನಿಲ್ದಾಣಗಳಲ್ಲಿ, ಬೆಳಗಿನ ಹೊತ್ತು, ಬಾಗಿಲು ಒಡೆದು ಹೊರತೆಗೆದ ದೇಹಗಳವು. ಪೊಲೀಸರು ಬಂದರು, ಪಂಚನಾಮೆ ಬರೆದರು, ಮರಣೋತ್ತರ ಪರೀಕ್ಷೆಯಾಯಿತು. ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನ ಅನ್ವಯ 'ಅಸಹಜ ಮರಣ' ಎಂದು ದಾಖಲಾಯಿತು. (2024ರ ಜುಲೈಯಿಂದ ಆ ಕಲಮಿನ ಸ್ಥಾನದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು ಬಂದಿದೆ, ಸಂಖ್ಯೆ ಬದಲಾಗಿದೆ, ನಮೂನೆ ಬದಲಾಗಿಲ್ಲ.) ಅಪರಿಚಿತ ಮಹಿಳೆ, ವಿಷ ಸೇವನೆ, ಆತ್ಮಹತ್ಯೆಯಿರಬಹುದು. ವಾರಸುದಾರರಿಲ್ಲ. ಕಡತ ಮುಕ್ತಾಯ.

ಅದೇ ಸಮಯದಲ್ಲಿ ಇನ್ನೂರು ಮುನ್ನೂರು ಕಿಲೋಮೀಟರು ದೂರದ ಬಂಟ್ವಾಳದಲ್ಲೋ ಪುತ್ತೂರಿನಲ್ಲೋ ಸುಳ್ಯದಲ್ಲೋ, ದೂರು ಕೊಟ್ಟಿದ್ದರೆ, ಇನ್ನೊಂದು ಕಡತವಿರುತ್ತಿತ್ತು: 'ಹುಡುಗಿ ಕಾಣೆ'. ಒಂದು ಕಡತದಲ್ಲಿ ಹೆಸರಿದೆ, ದೇಹವಿಲ್ಲ. ಇನ್ನೊಂದರಲ್ಲಿ ದೇಹವಿದೆ, ಹೆಸರಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಒಬ್ಬ ಗುಮಾಸ್ತ ಇಡೀ ರಾಜ್ಯದಲ್ಲಿ ಇರಲಿಲ್ಲ. ಒಂದೇ ನಿಲ್ದಾಣದ ಶೌಚಾಲಯದಲ್ಲಿ, ಒಂದೇ ವಯೋಮಾನದ, ರೇಷ್ಮೆ ಸೀರೆಯುಟ್ಟು ಮದುಮಗಳಂತೆ ಸಿಂಗರಿಸಿಕೊಂಡ, ಆದರೆ ಮೈಮೇಲೆ ಗುಲಗಂಜಿ ತೂಕದ ಚಿನ್ನವೂ ಇಲ್ಲದ ಹೆಣ್ಣುಮಕ್ಕಳು ಮತ್ತೆಮತ್ತೆ ಸೈನೈಡ್‌ನಂತಹ ಅಪರೂಪದ ವಿಷ ಸೇವಿಸಿ ಸಾಯುವುದು ವಿಚಿತ್ರವೆಂದು ಆ ಠಾಣೆಗಳಲ್ಲಿ ಯಾರಿಗೂ ತೋಚಲಿಲ್ಲವೇ? ಬಡ ಹೆಂಗಸಿಗೆ ಸೈನೈಡ್ ಎಲ್ಲಿಂದ ಬರಬೇಕು? ಹೊಲಕ್ಕೆ ಹೊಡೆಯುವ ಔಷಧಿ ಸಿಗುತ್ತದೆ, ಹಗ್ಗ ಸಿಗುತ್ತದೆ, ಬಾವಿ ಇದ್ದೇ ಇದೆ. 1919ರಷ್ಟು ಹಿಂದೆಯೇ ವಿಷ ಪದಾರ್ಥಗಳ ಕಾಯಿದೆ ಬಂದ ದೇಶ ನಮ್ಮದು. ಯಾರು ಯಾರಿಗೆ ಮಾರಿದರೆಂಬ ಪ್ರಶ್ನೆಯನ್ನು ಮೊದಲ ದೇಹದ ಮುಂದೆಯೇ ಕೇಳಬಹುದಾಗಿತ್ತು.

ಪೊಲೀಸರನ್ನೇ ದೂರಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಕೊನೆಗೆ ಅವನನ್ನು ಹಿಡಿದವರೂ ಅವರೇ, ಅದೂ ತಾಳ್ಮೆಯ ಕೆಲಸದಿಂದ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಹಳ್ಳಿಯೊಂದರ 22 ವರ್ಷದ ಯುವತಿ ಕಾಣೆಯಾದಳು. ಅವಳ ದೂರವಾಣಿ ಕರೆಗಳ ಪಟ್ಟಿಯನ್ನು ಹಿಡಿದು ಹೊರಟವರಿಗೆ ಒಂದು ಸಂಖ್ಯೆ ಸಿಕ್ಕಿತು. ಆ ಸಂಖ್ಯೆಯ ಒಡತಿಯೂ ಕಾಣೆಯಾಗಿದ್ದಳು. ಅವಳ ಪಟ್ಟಿಯಿಂದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು. ಸತ್ತವಳ ದೂರವಾಣಿಯಿಂದಲೇ ಮುಂದಿನವಳಿಗೆ ಕರೆ ಮಾಡುವಷ್ಟು ಧೈರ್ಯ ಆ ಮನುಷ್ಯನಿಗೆ ಬಂದಿತ್ತು, ಏಕೆಂದರೆ ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ವಿಧಿಯ ವ್ಯಂಗ್ಯವೆಂದರೆ, ದೇಶದ ಠಾಣೆಗಳನ್ನೆಲ್ಲ ಗಣಕಯಂತ್ರದ ಜಾಲದಿಂದ ಜೋಡಿಸುವ 2,000 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದೂ 2009ರ ಜೂನ್‌ನಲ್ಲಿಯೇ. ಈಗ ಆ ಜಾಲ ಇದೆ. ಕಾಣೆಯಾದವರ ಪಟ್ಟಿಯನ್ನೂ ಅಪರಿಚಿತ ಶವಗಳ ಪಟ್ಟಿಯನ್ನೂ ಒಟ್ಟಿಗೆ ನೋಡುವ ಸೌಲಭ್ಯವೂ ಇದೆ. ಆದರೆ ಯಂತ್ರಕ್ಕೆ ಉಣಿಸಿದ್ದನ್ನೇ ಯಂತ್ರ ಹೇಳುತ್ತದೆ. ದೂರೇ ಕೊಡದವರ ಮನೆಯ ಮಗಳನ್ನು ಯಾವ ಜಾಲವೂ ಹುಡುಕಲಾರದು.

ದೂರು ಏಕೆ ಕೊಡಲಿಲ್ಲ? ಇದನ್ನು ನಾವು ನಾವೇ ಕೇಳಿಕೊಳ್ಳಬೇಕು. ಮೈಸೂರಿನ ಠಾಣೆಯನ್ನು ಕೇಳಿ ಪ್ರಯೋಜನವಿಲ್ಲ. ಹಲವು ಮನೆಗಳವರು ತಮ್ಮ ಮಗಳು ಯಾರೊಡನೆಯೋ ಓಡಿಹೋಗಿ ಎಲ್ಲಿಯೋ ಸಂಸಾರ ಹೂಡಿರಬಹುದೆಂದು ತಿಳಿದು ಸುಮ್ಮನಾದರು. ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ, ತಂಗಿಯರಿಗೆ ಗಂಡು ಸಿಗುವುದಿಲ್ಲ. 'ಮುಂಬಯಿಯಲ್ಲಿ ಅತ್ತೆಯ ಮನೆಯಲ್ಲಿದ್ದಾಳೆ' ಎಂಬ ಉತ್ತರ ಕರಾವಳಿಯ ಎಷ್ಟು ಜಗಲಿಗಳಲ್ಲಿ ಎಷ್ಟು ಪ್ರಶ್ನೆಗಳ ಬಾಯಿ ಮುಚ್ಚಿಸಿಲ್ಲ! ಮುಂಬಯಿ ಎಂಬುದು ನಮ್ಮ ಊರುಗಳಿಗೆ ನಗರ ಮಾತ್ರವಲ್ಲ, ಹೇಳಲಾಗದ್ದನ್ನೆಲ್ಲ ಹಾಕಿಡುವ ಅಟ್ಟವೂ ಹೌದು. ಕಾಣೆಯಾದ ಮಗಳು ಸುಖವಾಗಿದ್ದಾಳೆ ಎಂದು ಆರು ವರ್ಷ ನಂಬಿಕೊಂಡಿದ್ದ ತಾಯಿಯೊಬ್ಬಳ ಮನೆಗೆ ಪೊಲೀಸರು ಬಂದು, ಮಾಸಿದ ಭಾವಚಿತ್ರವೊಂದನ್ನು ತೋರಿಸಿ, 'ಇವಳೇ ನೋಡಿ' ಎಂದಿರಬಹುದಾದ ಗಳಿಗೆಯನ್ನು ಊಹಿಸುವುದೂ ಕಷ್ಟ.

ದೂರು ಕೊಟ್ಟ ಮನೆಯ ಸುತ್ತ ನಡೆದದ್ದು ಇನ್ನೊಂದು ಕತೆ. 2009ರ ಆ ಯುವತಿ ಕಾಣೆಯಾದಾಗ ಅನ್ಯಮತದ ಸ್ಥಳೀಯ ಯುವಕನೊಬ್ಬನ ಜೊತೆ ಹೋಗಿದ್ದಾಳೆಂಬ ಗುಮಾನಿ ಹಬ್ಬಿತು. ಠಾಣೆಯ ಮುಂದೆ ಜನ ಸೇರಿದರು, ಕೂಗಿದರು, ಬೆದರಿಕೆ ಹಾಕಿದರು. ಆ ಒತ್ತಡದಿಂದಾಗಿಯೇ ಪೊಲೀಸರು ಚುರುಕಾದರು ಎನ್ನುವವರಿದ್ದಾರೆ, ಇರಬಹುದು. ಆದರೆ ಕೂಗಿದವರಲ್ಲಿ ಯಾರಿಗೂ ಆ ಹುಡುಗಿಯ ಜೀವಕ್ಕೆ ಏನಾಗಿದೆ ಎಂಬ ಚಿಂತೆಗಿಂತ ಅವಳು ಯಾರ ಪಾಲಾದಳು ಎಂಬ ಚಿಂತೆ ಹೆಚ್ಚಾಗಿತ್ತೆಂದು ನನಗನಿಸುತ್ತದೆ. ಅವಳನ್ನು ಕೊಂದವನು ಅವಳ ಜಾತಿಯ ಹೆಸರನ್ನೇ ಹೇಳಿಕೊಂಡು ಬಂದವನು. ಜಾತಿ ಒಂದೇ ಎಂದಾಗ ನಮ್ಮಲ್ಲಿ ಮುಂದಿನ ಪ್ರಶ್ನೆಗಳು ನಿಂತುಹೋಗುತ್ತವೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಗದ್ದಲ ಊರೆಲ್ಲ ತುಂಬಿದ ಮೇಲೆ, ಅಂದರೆ 2009ರ ಜುಲೈಯಲ್ಲಿ, ಕಾಸರಗೋಡಿನ ಆ 25ರ ಹೆಣ್ಣುಮಗಳು ದೇವಸ್ಥಾನಕ್ಕೆ ಹೋಗುವೆನೆಂದು ಹೇಳಿ ಮನೆಯಿಂದ ಹೊರಟಳು. ಎಲ್ಲರೂ ಬೇರೊಬ್ಬನನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ ಅವನು ನಿಶ್ಚಿಂತೆಯಿಂದ ಇನ್ನೊಂದು ಬಸ್ ಚೀಟಿ ಕೊಂಡ.

ಇನ್ನು ವರದಕ್ಷಿಣೆ. ಈ ವಿಷಯದಲ್ಲಿ ಹೊರನಾಡಿನವರಾದ ನಾವು ಕೊಂಚ ಕಿವಿಗೊಟ್ಟು ಕೇಳಬೇಕಾದದ್ದಿದೆ. ಮೋಹನನ ಕೈಯಲ್ಲಿದ್ದ ನಿಜವಾದ ವಿಷ ಸೈನೈಡ್ ಅಲ್ಲ, 'ನನಗೆ ವರದಕ್ಷಿಣೆ ಬೇಡ' ಎಂಬ ವಾಕ್ಯ. ಬೀಡಿ ಕಟ್ಟಿ ಕುಟುಂಬ ಸಾಕುವ, ಅಥವಾ ಅಂಗನವಾಡಿಯಲ್ಲಿ ಸಹಾಯಕಿಯಾಗಿ ದುಡಿಯುವ 28ರ ಹೆಣ್ಣಿಗೆ ಆ ವಾಕ್ಯ ಏನೆಂದು ಕೇಳಿಸಿರಬೇಕು! ಐದಾರು ಸಂಬಂಧಗಳು ಬಂದು, ಚಿನ್ನದ ಮಾತಿನಲ್ಲಿ ಮುರಿದುಬಿದ್ದು, ತಾಯಿ ನಿಟ್ಟುಸಿರು ಬಿಡುವುದನ್ನು ದಿನವೂ ಕೇಳುತ್ತಿದ್ದವಳಿಗೆ? ಅವಳನ್ನು ಮೂರ್ಖಳೆನ್ನುವವರು, 'ಯಾವನನ್ನೋ ನಂಬಿ ಹೋದಳಲ್ಲ' ಎಂದು ಮೂಗು ಮುರಿಯುವವರು, ಮೊದಲು ತಮ್ಮ ಮಗನ ಮದುವೆಯಲ್ಲಿ ಎಷ್ಟು ಪವನು ಬಂತೆಂಬುದನ್ನು ಹೇಳಲಿ.

ಸೋಜಿಗವೆಂದರೆ, ಇದು ನಡೆದದ್ದು ಅಳಿಯಸಂತಾನದ ನಾಡಿನಲ್ಲಿ. ತುಳುನಾಡಿನ ಹಲವು ಸಮುದಾಯಗಳಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುತ್ತಿತ್ತು. ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ಗಂಡ ತೀರಿಕೊಂಡರೂ ಮುನಿದು ಹೋದರೂ ಹೆಣ್ಣಿಗೆ ತನ್ನ ತರವಾಡಿನಲ್ಲಿ ಒಂದು ಮೂಲೆ, ಒಂದು ಚಾಪೆ ತಪ್ಪುತ್ತಿರಲಿಲ್ಲ. ಆ ವ್ಯವಸ್ಥೆಯಲ್ಲಿ ದೋಷಗಳಿರಲಿಲ್ಲವೆಂದು ನಾನು ಹೇಳುವುದಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ಮೂಲಕ ಅದು ಕಳಚಿಕೊಂಡಿತು. ಆ ತೆರವಿನಲ್ಲಿ ಬಂದು ಕುಳಿತದ್ದು ವರನ ಬೆಲೆ. ಆ ಬೆಲೆಯನ್ನು ಏರಿಸಿದವರಲ್ಲಿ 'ಮುಂಬಯಿ ವರ'ನ ಪಾಲು ಸಣ್ಣದಲ್ಲ. ಹೋಟೆಲು, ಬ್ಯಾಂಕು, ಸರಕಾರಿ ನೌಕರಿಗಳಲ್ಲಿ ನೆಲೆನಿಂತ ನಮ್ಮ ತಂದೆಯರ ಕಾಲದವರೂ ನಮ್ಮ ಕಾಲದವರೂ ಊರಿಗೆ ರಜೆಯಲ್ಲಿ ಹೋದಾಗ ಸೂಟ್‌ಕೇಸಿನ ಜೊತೆ ಒಂದು ದರಪಟ್ಟಿಯನ್ನೂ ಒಯ್ದರು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿಗೆ ಮುಂಗಡ ಕಟ್ಟಿದ ಹಣ ಎಷ್ಟೋ ಸಂದರ್ಭಗಳಲ್ಲಿ ಬಂಟ್ವಾಳದ ಯಾರದೋ ತೆಂಗಿನ ತೋಟದ ಅಡಮಾನದಿಂದ ಬಂದುದು. 1961ರಿಂದಲೇ ವರದಕ್ಷಿಣೆ ನಿಷೇಧದ ಕಾಯಿದೆ ಇದೆಯೆಂಬುದನ್ನು ನಮ್ಮ ಸಂಘಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ ಬಿಟ್ಟರೆ ನಾನು ಬೇರೆಲ್ಲಿಯೂ ಕೇಳಿಲ್ಲ. ಮೇಲಿನ ಮನೆಯಲ್ಲಿ ಮುಂಬಯಿ ವರನಿಗೆ ನೂರು ಪವನು ಕೊಟ್ಟಾಗ, ಕೆಳಗಿನ ಮನೆಯಲ್ಲಿ ಆಟೋರಿಕ್ಷಾ ಓಡಿಸುವ ಹುಡುಗನೂ ಇಪ್ಪತ್ತು ಕೇಳತೊಡಗುತ್ತಾನೆ. ಇಪ್ಪತ್ತು ಇಲ್ಲದವಳು ಕಾಯುತ್ತಾಳೆ. ಕಾಯುತ್ತಿರುವವಳನ್ನು ಹುಡುಕಿಕೊಂಡು ಮೋಹನ ಬರುತ್ತಾನೆ.

ಕೊಲೆಗಾರನ ಪಾಪವನ್ನು ಸಮಾಜದ ತಲೆಗೆ ಕಟ್ಟಿ ಅವನನ್ನು ಹಗುರ ಮಾಡುವ ವಾದ ಇದೆಂದು ಕೆಲವರು ಆಕ್ಷೇಪಿಸಬಹುದು. ಹಾಗಲ್ಲ. ಗುಳಿಗೆ ಕೊಟ್ಟವನು ಅವನೇ. ಅದರಲ್ಲಿ ನನಗೆ, ಯಾರಿಗೂ, ಪಾಲಿಲ್ಲ. ಬಡ ಹೆಣ್ಣುಮಕ್ಕಳನ್ನು ಮದುವೆಯ ಆಸೆ ತೋರಿಸಿ ಕೊಲ್ಲುವವನು ಯಾವ ದೇಶದಲ್ಲಿಯಾದರೂ ಹುಟ್ಟಬಹುದು. ಫ್ರಾನ್ಸಿನಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಲಾಂದ್ರು ಎಂಬವನು ಪತ್ರಿಕೆಗಳಲ್ಲಿ ವಿವಾಹದ ಜಾಹೀರಾತು ಕೊಟ್ಟು ಹತ್ತು ಮಂದಿ ಹೆಂಗಸರನ್ನು ಕೊಂದು 1922ರಲ್ಲಿ ಗಿಲೊಟಿನ್ನಿಗೆ ತಲೆಯೊಡ್ಡಿದ. ನನ್ನ ಪ್ರಶ್ನೆ ಬೇರೆ. ಅಂತಹವನು ಎರಡನೆಯ ಕೊಲೆಯಲ್ಲಿ ಸಿಕ್ಕಿಬೀಳುವ ಸಮಾಜಕ್ಕೂ ಇಪ್ಪತ್ತನೆಯದರ ತನಕ ನಿರಾತಂಕವಾಗಿ ನಡೆಯಬಲ್ಲ ಸಮಾಜಕ್ಕೂ ವ್ಯತ್ಯಾಸವಿದೆ.

ಅವನಿಗೆ ಆದ ಶಿಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ತ್ವರಿತ ನ್ಯಾಯಾಲಯ ಮೂರು ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. 2017ರಲ್ಲಿ ಉಚ್ಚ ನ್ಯಾಯಾಲಯ, ಬಂಟ್ವಾಳದ ಆ ಯುವತಿಯ ಪ್ರಕರಣದಲ್ಲಿ, ಮರಣದಂಡನೆಯನ್ನು ಬದಲಿಸಿ ಸಾಯುವ ತನಕ ಸೆರೆಮನೆ ಎಂದಿತು. ಗಲ್ಲಾಗಲಿಲ್ಲವೆಂದು ಕೆಲವರು ಹಲ್ಲು ಕಡಿಯುತ್ತಾರೆ. ನನಗೆ ಗಲ್ಲಿನಲ್ಲಿ ಅಂತಹ ಆಸಕ್ತಿಯಿಲ್ಲ. ಒಬ್ಬನನ್ನು ನೇಣಿಗೇರಿಸಿ ಇಪ್ಪತ್ತು ಕಡತಗಳ ಕತೆ ಮುಗಿಯಿತೆಂದು ತಿಳಿಯುವುದೇ ನಮಗೆ ಸುಲಭವೆಂದು ತೋರುವುದರಿಂದ ಆ ಉತ್ಸಾಹ.

ಈ ಕತೆಯನ್ನು ಆಧರಿಸಿದ್ದೆನ್ನಲಾದ ಹಿಂದಿ ಧಾರಾವಾಹಿಯೊಂದು 2023ರಲ್ಲಿ ಬಂತು. 'ದಹಾಡ್' ಎಂದು ಅದರ ಹೆಸರು. ನೋಡಿದೆ. ಕೆಟ್ಟದ್ದೇನಲ್ಲ. ಪೊಲೀಸ್ ಅಧಿಕಾರಿಣಿಯ ಪಾತ್ರಕ್ಕೆ ಜೀವವಿದೆ, ಜಾತಿಯ ಪ್ರಶ್ನೆಯನ್ನೂ ಎತ್ತಿದ್ದಾರೆ. ಆದರೆ ಕತೆ ನಡೆಯುವುದು ರಾಜಸ್ಥಾನದಲ್ಲಿ. ಮರಳು, ಪೇಟ, ಹವೇಲಿ. ನಮ್ಮ ಯುವಕರು ನವಿಮುಂಬಯಿಯ ತಮ್ಮ ಮನೆಗಳಲ್ಲಿ ಕುಳಿತು ಅದನ್ನು ನೋಡಿ, 'ಉತ್ತರ ಭಾರತದಲ್ಲಿ ಹೆಣ್ಣಿನ ಪಾಡು ಎಷ್ಟು ಭೀಕರ' ಎಂದು ಮರುಗಿದರೆ ಆಶ್ಚರ್ಯವಿಲ್ಲ. ಅಜ್ಜಿಯ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ನಡೆದದ್ದು ಇದೆಂದು ಅವರಿಗೆ ಹೇಳುವವರು ಯಾರು? ಕನ್ನಡದಲ್ಲಿ ದಂಡುಪಾಳ್ಯದ ಮೇಲೆ ಸಿನೆಮಾ ಮಾಡಿದರು, 2012ರಲ್ಲಿ. ಜನ ಮುಗಿಬಿದ್ದು ನೋಡಿದರು. ಅಲ್ಲಿ ರಕ್ತವಿತ್ತು, ಆರ್ಭಟವಿತ್ತು. ಮೋಹನನ ಕತೆಯಲ್ಲಿ ಅದಾವುದೂ ಇಲ್ಲ. ಒಂದು ಮುಚ್ಚಿದ ಬಾಗಿಲು, ಹೊರಗೆ ಬಸ್ಸಿನ ಹೆಸರು ಕೂಗುವ ನಿರ್ವಾಹಕ, ಅಷ್ಟೆ.

ಇಲ್ಲಿರುವ ನಾವು ಮಾಡಬಹುದಾದದ್ದು ಏನು? ಸಂಘಗಳ ವಧೂವರ ಕೇಂದ್ರಗಳು ಈಗ ಭಾವಚಿತ್ರ, ಜಾತಕ, ಸಂಬಳ ಇವಿಷ್ಟನ್ನು ಬರೆದುಕೊಳ್ಳುತ್ತವೆ. ವರನ ಕಚೇರಿಯ ಗುರುತುಪತ್ರ, ಮನೆಯ ವಿಳಾಸ, ಹಿಂದೆ ಮದುವೆಯಾಗಿದ್ದಾನೆಯೆ ಎಂಬ ವಿಚಾರಣೆ ಇವನ್ನೂ ಸೇರಿಸುವುದು ಕಷ್ಟದ ಕೆಲಸವಲ್ಲ. ಊರಿನ ಬಡ ಕುಟುಂಬಕ್ಕೆ ಮುಂಬಯಿಗೆ ಬಂದು ವಿಚಾರಿಸುವ ಶಕ್ತಿಯಿಲ್ಲ. ನಮಗಾದರೋ ವಾಶಿಯಿಂದ ಥಾಣೆಗೆ ಲೋಕಲ್ ಹಿಡಿದರೆ ಸಾಕು. ವರನ ಕಡೆಯವರು ಕೋಪಿಸಿಕೊಂಡಾರು ಎಂಬ ಅಳುಕು ಪದಾಧಿಕಾರಿಗಳಿಗಿದೆ. ಕೋಪಿಸಿಕೊಳ್ಳಲಿ. ಪಾಸ್‌ಪೋರ್ಟಿಗೆ, ಬ್ಯಾಂಕಿನ ಸಾಲಕ್ಕೆ ಇಷ್ಟೆಲ್ಲ ಕಾಗದ ಕೊಡುವವರು ಒಂದು ಹೆಣ್ಣಿನ ಬಾಳಿಗೆ ಕೊಡಲಾರರೇ?

ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳದ್ದು. ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಜನ ಸಾಯುತ್ತಾರೆ. ಅವರಲ್ಲಿ ಎಷ್ಟೋ ಮಂದಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳ ರೈಲ್ವೆ ಪೊಲೀಸರ ಬಳಿ ಅಪರಿಚಿತ ದೇಹಗಳ ವಿವರಗಳಿರುತ್ತವೆ: ಎತ್ತರ, ಬಣ್ಣ, ಉಡುಪು, ಮೈಮೇಲಿನ ಗುರುತು. ಮರಾಠಿ ಬಲ್ಲ ಹವಾಲ್ದಾರನಿಗೆ ಮುಂಗೈಯ ಹಚ್ಚೆಯಲ್ಲಿರುವ ಕನ್ನಡ ಅಕ್ಷರ ಬರಿಯ ಗೀಟು. ಕರಿಮಣಿಯ ಕಟ್ಟಿನಿಂದಲೇ ಇವಳು ಘಟ್ಟದ ಮೇಲಿನವಳೋ ಕೆಳಗಿನವಳೋ ಎಂದು ನಮ್ಮ ಹೆಂಗಸರು ಹೇಳಬಲ್ಲರು, ಅವನು ಹೇಳಲಾರ. ಹದಿನೆಂಟು ತುಂಬದ ಮಕ್ಕಳು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಮೊಕದ್ದಮೆ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆದೇಶಿಸಿತು. ಹದಿನೆಂಟು ದಾಟಿದವಳಿಗೆ ಅಂತಹ ರಕ್ಷೆಯಿಲ್ಲ. 'ತಾನಾಗಿಯೇ ಹೋಗಿರಬಹುದು' ಎಂಬ ಒಂದು ಮಾತಿನಿಂದ ಅವಳ ಕಡತ ಕೆಳಗೆ ಸರಿಯುತ್ತದೆ.

ಪ್ರತಿ ಸಂಘದಿಂದ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ, ತಿಂಗಳಿಗೊಮ್ಮೆ ತಮ್ಮ ನಿಲ್ದಾಣದ ರೈಲ್ವೆ ಪೊಲೀಸ್ ಠಾಣೆಗೆ ಹೋಗಿ ಆ ವಿವರಗಳನ್ನು ನೋಡಿಬರಲು ಅನುಮತಿ ಕೇಳಬೇಕು. ಕನ್ನಡದ ಅಕ್ಷರವೋ, ನಮ್ಮ ಕಡೆಯ ಆಭರಣವೋ, ಬಟ್ಟೆಯಂಗಡಿಯ ಹೆಸರೋ ಕಂಡರೆ ಊರಿನ ಠಾಣೆಗೂ ಪತ್ರಿಕೆಗಳಿಗೂ ತಿಳಿಸಬೇಕು. ಇದಕ್ಕೆ ಹಣ ಬೇಡ, ಸಭಾಂಗಣ ಬೇಡ, ಅತಿಥಿಗಳಿಗೆ ಶಾಲು ಹಾರ ಬೇಡ. ಅರ್ಜಿಯ ಮರಾಠಿ ಕರಡನ್ನು ನಾನು ಸಿದ್ಧಪಡಿಸಿ ಕೊಡಬಲ್ಲೆ. ಬೇಕಾದವರು ಸಂಪಾದಕರ ವಿಳಾಸಕ್ಕೆ ಬರೆಯಬಹುದು.